ಓದುಗರ ಪ್ರಶ್ನೆ: ಜಪಾನಿನ ಹಳೆಯ ಬಾಕುವಿನ ಗುರುತು ಮತ್ತು ಮಾರಾಟ

ಪ್ರಶ್ನೆ: ಹಿರಿಯರು ಬಿಟ್ಟುಹೋದ ವಸ್ತುಗಳ ನಡುವೆ ಜಪಾನಿನದೆಂದು ಹೇಳಲಾಗುವ ಬಾಕುವೊಂದು ನಮಗೆ ಸಿಕ್ಕಿದೆ. ಅಲಗು ಸುಮಾರು 25 ಸೆಂ.ಮೀ. ಉದ್ದವಿದ್ದು, ಅಲ್ಲಲ್ಲಿ ತುಕ್ಕು ಹಿಡಿದಿದೆ. ಹಿಡಿ ಮತ್ತು ಒರೆ ಅಲಂಕಾರವಿಲ್ಲದ ಬಿಳಿ ಮರದವು. ಉಜ್ಜಿ ಹೊಳಪು ಕೊಡಿಸಿ ಸಂಗ್ರಾಹಕರಿಗೆ ಮಾರಬೇಕೆಂದಿದ್ದೇವೆ. ಇದು ಅಸಲಿಯೇ, ಎಷ್ಟು ಹಳೆಯದು ಎಂದು ತಿಳಿಯುವುದು ಹೇಗೆ?

ಉತ್ತರ: ಹೊಳಪು ಕೊಡಿಸುವ ಯೋಚನೆಯನ್ನು ದಯವಿಟ್ಟು ಈಗಲೇ ಕೈಬಿಡಿ. ಉಪ್ಪುಕಾಗದವಾಗಲಿ ತಿರುಗುವ ಸಾಣೆಯಾಗಲಿ ಒಮ್ಮೆ ತಾಕಿದರೆ ಅಲಗಿನ ಮೂಲ ರೇಖೆಗಳು ಅಳಿಯುತ್ತವೆ, ಅವುಗಳನ್ನು ಮತ್ತೆ ತರಲು ಬಹಳಷ್ಟು ಉಕ್ಕನ್ನು ಕಳೆದುಕೊಳ್ಳಬೇಕಾಗುತ್ತದೆ. ಈ ಕೆಲಸ ವರ್ಷಗಟ್ಟಲೆ ತರಬೇತಿ ಪಡೆದ ತೊಗಿಶಿ ಎಂಬ ಸಾಣೆಗಾರರದು. ಅವರಿಂದ ಮಾಡಿಸಬೇಕೋ ಬೇಡವೋ ಎಂಬುದು ಅಲಗಿನ ಯೋಗ್ಯತೆ ಗೊತ್ತಾದ ಮೇಲಿನ ಮಾತು. ಸದ್ಯಕ್ಕೆ ತೆಳುವಾಗಿ ಎಣ್ಣೆ ಸವರಿ, ಅಲಗನ್ನು ಬರಿಗೈಯಲ್ಲಿ ಮುಟ್ಟದೆ ಇಟ್ಟರೆ ಸಾಕು.

ಜಪಾನಿನ ಹಳೆಯ ಅಳತೆಯಲ್ಲಿ ಒಂದು ಶಾಕು, ಅಂದರೆ 30.3 ಸೆಂ.ಮೀ.ಗಿಂತ ಚಿಕ್ಕದಾದ ಅಲಗನ್ನು ಟಾಂಟೊ ಎನ್ನುತ್ತಾರೆ. ಅಳತೆಯ ಮಟ್ಟಿಗೆ ನಿಮ್ಮದು ಅದೇ. ಬಿಳಿ ಮರದ ಒರೆಗೆ ಶಿರಾಸಾಯಾ ಎಂದು ಹೆಸರು. ಹೊನೊಕಿ ಮರದಿಂದ ಮಾಡುವ ಈ ಒರೆ ಅಲಗನ್ನು ಕಾಪಿಡಲು ಇರುವಂಥದ್ದು, ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಲು ಅಲ್ಲ. ಆದ್ದರಿಂದ ಹಿಂದೆ ಯಾರೋ ಒಬ್ಬರು ಈ ಅಲಗನ್ನು ಜೋಪಾನ ಮಾಡಲು ಮನಸ್ಸು ಮಾಡಿದ್ದರೆಂದು ಊಹಿಸಬಹುದು. ಒರೆಯ ಮೇಲೆ ಮಸಿಯಲ್ಲಿ ಬರೆದ ಅಕ್ಷರಗಳಿವೆಯೇ ಎಂದು ನೋಡಿ, ಇದ್ದರೆ ಒರೆಸಬೇಡಿ. ಕಮ್ಮಾರನ ಹೆಸರನ್ನೂ ಅಲಗಿನ ಉದ್ದವನ್ನೂ ಹಾಗೆ ಬರೆದಿಡುವ ರೂಢಿಯಿದೆ.

ನಿಜವಾದ ಸಾಕ್ಷ್ಯವಿರುವುದು ಹಿಡಿಯ ಒಳಗೆ. ಹಿಡಿಯನ್ನು ಅಡ್ಡಲಾಗಿ ಹಾದುಹೋಗುವ ಬಿದಿರಿನ ಬೆಣೆಯನ್ನು ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿ ತೆಗೆದರೆ ಹಿಡಿ ಸಡಿಲವಾಗಿ, ನಕಾಗೊ ಎಂಬ ಅಲಗಿನ ಬುಡ ಕಾಣುತ್ತದೆ. ಅದು ಬಿಗಿಯಾಗಿ ಕೂತಿದ್ದರೆ ಬಲ ಹಾಕಬೇಡಿ, ತಿಳಿದವರ ಕೈಗೆ ಕೊಡಿ. ಕಮ್ಮಾರನು ಅರದಿಂದ ಎಳೆದ ಗೀರುಗಳ ಓರೆ, ಬುಡದ ತುದಿಯ ಆಕಾರ, ಬೆಣೆಯ ತೂತು ಮತ್ತು ತುಕ್ಕಿನ ಬಣ್ಣ ಇವೆಲ್ಲ ಸೇರಿ ಕಾಲವನ್ನೂ ಪರಂಪರೆಯನ್ನೂ ಸೂಚಿಸುತ್ತವೆ. ಶತಮಾನಗಳ ತುಕ್ಕು ಕಡುಗಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ ನುಣುಪಾಗಿ ಹರಡಿಕೊಂಡಿರುತ್ತದೆ, ಹೊಸ ತುಕ್ಕು ಕೆಂಪಗೆ ಪುಡಿಪುಡಿಯಾಗಿರುತ್ತದೆ. ಬುಡದ ತುಕ್ಕನ್ನು ಕೆರೆದು ತೆಗೆದವರು ವಯಸ್ಸಿನ ಪುರಾವೆಯನ್ನೇ ಕೆರೆದು ಹಾಕಿದಂತೆ. ಇಂಥ ಬುಡಗಳನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ದುಃಖವಾಗುತ್ತದೆ.

ಬುಡದ ಮೇಲೆ ಕೆತ್ತಿದ ಹೆಸರು ಕಂಡರೆ ಸಂತೋಷಪಡಿ, ಆದರೆ ಕೂಡಲೇ ನಂಬಬೇಡಿ. ಪ್ರಸಿದ್ಧ ಕಮ್ಮಾರರ ಹೆಸರನ್ನು ಕೆತ್ತಿ ಮಾರುವ ಚಾಳಿ ನೂರಾರು ವರ್ಷ ಹಳೆಯದು. ಅಂಥ ಸುಳ್ಳು ಅಂಕಿತಕ್ಕೆ ಗಿಮೇ ಎನ್ನುತ್ತಾರೆ. ಟಾಂಟೊಗಳಿಗೆ ಹೆಸರಾದ ಅವತಗುಚಿ ಯೊಶಿಮಿತ್ಸು ಅಥವಾ ಶಿಂಟೊಗೊ ಕುನಿಮಿತ್ಸು ಅವರ ಹೆಸರು ಕಂಡರಂತೂ ಮೊದಲು ಸಂಶಯವೇ ಇರಲಿ. ನನ್ನ ಅಭಿಪ್ರಾಯದಲ್ಲಿ ಅಲಗನ್ನು ಮೊದಲು ನೋಡಿ, ಹೆಸರನ್ನು ಕೊನೆಗೆ ಓದಬೇಕು. ಕಮ್ಮಾರನು ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳುವಾಗಿಯೂ ಜೇಡಿ ಬಳಿದು, ಕಾಯಿಸಿ ನೀರಿಗದ್ದಿದಾಗ ಬಾಯಿಯ ಉದ್ದಕ್ಕೂ ಹಾಮೊನ್ ಎಂಬ ಹದದ ರೇಖೆ ಮೂಡುತ್ತದೆ. ದೀಪಕ್ಕೆ ಓರೆಯಾಗಿ ಹಿಡಿದಾಗ ಅದರಲ್ಲಿ ಸೂಕ್ಷ್ಮ ಹರಳುಗಳ ಮಿನುಗು ಕಾಣಬೇಕು. ಆಮ್ಲದಿಂದ ಕೊರೆದ ನಕಲಿ ರೇಖೆ ಬಣ್ಣ ಬಳಿದಂತೆ ಸಪ್ಪಟೆಯಾಗಿರುತ್ತದೆ. ಬಾಯಿಗೆ ಅಡ್ಡಲಾಗಿ ಕೂದಲೆಳೆಯಷ್ಟು ಸಣ್ಣ ಸೀಳು ಕಂಡರೆ ಅದು ದೊಡ್ಡ ದೋಷ; ಎಷ್ಟೇ ಹಳೆಯ ಅಲಗಾದರೂ ಬೆಲೆ ತೀರ ಕುಸಿಯುತ್ತದೆ.

ಪ್ರಶ್ನೆ: ನನ್ನ ಟಾಂಟೊ ಜೊತೆ ಹಸಿರು ಬಣ್ಣದ ಹಳೆಯ ಪ್ರಮಾಣಪತ್ರವಿದೆ. ಅದನ್ನು ತೋರಿಸಿ ಮಾರಬಹುದೇ?

ಉತ್ತರ: ತೋರಿಸಬಹುದು, ಆದರೆ ಅನುಭವಿ ಸಂಗ್ರಾಹಕರು ಅದಕ್ಕೆ ಪೂರ್ತಿ ಬೆಲೆ ಕಟ್ಟುವುದಿಲ್ಲ. ಕಲಾತ್ಮಕ ಕತ್ತಿಗಳನ್ನು ಕಾಪಾಡಲೆಂದು 1948ರಲ್ಲಿ ಸ್ಥಾಪನೆಯಾದ ಜಪಾನಿನ ಎನ್‌ಬಿಟಿಎಚ್‌ಕೆ ಸಂಸ್ಥೆ ಹಿಂದೆ ಕೊಡುತ್ತಿದ್ದ ಈ ಪತ್ರಗಳಲ್ಲಿ ಕೆಲವು ನಕಲಿ, ಕೆಲವು ಸಡಿಲ ಪರಿಶೀಲನೆಯವು ಎಂಬ ಅಪನಂಬಿಕೆ ಬೆಳೆದುಬಂದಿದೆ. 1980ರ ದಶಕದಲ್ಲಿ ಸಂಸ್ಥೆಯೇ ಪದ್ಧತಿಯನ್ನು ಬದಲಿಸಿತು. ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೊ, ತೊಕುಬೆತ್ಸು ಜೂಯೊ ಎಂಬ ಶ್ರೇಣಿಗಳು, ಕೆಳಗಿನಿಂದ ಮೇಲಕ್ಕೆ, ಇಂದಿನವು. ಮೊದಲನೆಯ ಶ್ರೇಣಿ ದೊರೆತರೂ ಕೊಳ್ಳುವವರ ಮುಖ್ಯ ಸಂದೇಹ ತೀರುತ್ತದೆ. ಆದರೆ ಈ ಪರಿಶೀಲನೆಗೆಂದು ಹೊರದೇಶದಿಂದ ಅಲಗನ್ನು ಜಪಾನಿಗೆ ಕಳಿಸುವಾಗ ಅಲ್ಲಿನ ಪೊಲೀಸರಿಗೆ ವರದಿಯಾಗಬೇಕು, ಪ್ರಾಂತ್ಯದ ಶಿಕ್ಷಣ ಮಂಡಳಿಯಲ್ಲಿ ನೋಂದಣಿಯಾಗಬೇಕು, ಹಿಂದಿರುಗಿಸಲು ರಫ್ತಿನ ಅನುಮತಿ ಬೇಕು. ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸಕ್ಕೆ ಅಲ್ಲಿನ ನಂಬಿಕಸ್ಥ ಮಧ್ಯವರ್ತಿ ಇರಲೇಬೇಕು. ಸಾಧಾರಣ ಅಲಗನ್ನು ಮಾರಿದರೆ ಇಷ್ಟು ವೆಚ್ಚ ಮರಳಿ ಹುಟ್ಟುವುದಿಲ್ಲ.

ಪ್ರಶ್ನೆ: ಕೊನೆಗೆ ಮಾರುವುದು ಹೇಗೆ? ಅಲಂಕಾರದ ಲೋಹದ ಭಾಗಗಳನ್ನು ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆ ಎನ್ನುತ್ತಾರೆ.

ಉತ್ತರ: ಕೆಲವೊಮ್ಮೆ ಬರುತ್ತದೆ, ಹಿಡಿಯ ಪುಟ್ಟ ಆಭರಣಗಳೇ ಅಲಗಿಗಿಂತ ಬೆಲೆಬಾಳುವುದುಂಟು. ಹಾಗಿದ್ದರೂ ಒಂದಾಗಿ ಉಳಿದುಬಂದ ಜೋಡಣೆಯನ್ನು ಬಿಡಿಸುವುದನ್ನು ನಾನು ಒಪ್ಪಲಾರೆ, ಏಕೆಂದರೆ ಒಮ್ಮೆ ಚದುರಿದ ಭಾಗಗಳು ಮತ್ತೆ ಒಂದೆಡೆ ಸೇರುವುದು ಅಪರೂಪ. ಬುಡದ ಎರಡೂ ಮಗ್ಗುಲು, ತುದಿ, ಹದದ ರೇಖೆ ಮತ್ತು ದೋಷಗಳಿರುವ ಜಾಗ ಇವುಗಳ ಸ್ಪಷ್ಟ ಚಿತ್ರಗಳನ್ನು ಕಪ್ಪು ಹಿನ್ನೆಲೆಯಲ್ಲಿ ತೆಗೆದು, ಅಳತೆಗಳನ್ನು ಬರೆದು, ಜಪಾನಿ ಕತ್ತಿಗಳಲ್ಲೇ ಪರಿಣತರಾದ ಇಬ್ಬರು ಮೂವರ ಅಭಿಪ್ರಾಯ ಕೇಳಿ. ಹೇಳಿದವರೇ ಕೊಳ್ಳಲೂ ಮುಂದಾದರೆ ಅವರ ಬೆಲೆಯೊಂದನ್ನೇ ಆಧಾರವಾಗಿ ಇಟ್ಟುಕೊಳ್ಳಬೇಡಿ. ಪರಿಣತ ವ್ಯಾಪಾರಿಯ ಬಳಿ ಮಾರಾಟಕ್ಕಿಟ್ಟು ದಲ್ಲಾಳಿ ಹಣ ಕೊಡುವುದು ನಿಧಾನದ ದಾರಿ. ಹರಾಜು ಬೇಗ ಮುಗಿಯುತ್ತದೆ, ಆದರೆ ಬೆಲೆ ನಿಮ್ಮ ಕೈಯಲ್ಲಿರುವುದಿಲ್ಲ. ಹಿಡಿಯಲ್ಲಿ ಅಥವಾ ಒರೆಯಲ್ಲಿ ಆನೆದಂತವಿದ್ದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿರ್ಬಂಧಗಳು ಅನ್ವಯಿಸುತ್ತವೆ. ಆದ್ದರಿಂದ ಗಡಿಯಾಚೆಗಿನ ಯಾವುದೇ ಕೊಳ್ಳುಗರಿಗೆ ಮಾತು ಕೊಡುವ ಮುನ್ನ ಎರಡೂ ದೇಶಗಳ ನಿಯಮಗಳನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.