ದಿನಚರಿಗೆ ರಿಯಾಯಿತಿ ಇರಲಿ, ಮೌಲ್ಯಕ್ಕೆ ಬೇಡ

ಬೇಗ ಏಳಬೇಕು, ದಿನಾ ಓದಬೇಕು ಎಂದು ಹಾಕಿಕೊಂಡ ನಿಯಮಗಳು ವಾರದೊಳಗೇ ಕೈತಪ್ಪುತ್ತವೆ ಎಂದು ಬರೆದಿದ್ದೀರಿ. ನಾಲ್ಕು ಜನ ಸ್ನೇಹಿತರು ಒತ್ತಾಯಿಸಿದರೆ ನಿಮಗೆ ಸರಿಯೆನಿಸದ್ದಕ್ಕೂ ತಲೆಯಾಡಿಸಿಬಿಡುತ್ತೇನೆ ಎಂದೂ ಹೇಳಿಕೊಂಡಿದ್ದೀರಿ. ಎರಡಕ್ಕೂ ‘ನನಗೆ ಮನೋಬಲವಿಲ್ಲ’ ಎಂಬ ಒಂದೇ ಕಾರಣ ಕೊಟ್ಟಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲು ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಿ.

ಐದು ಗಂಟೆಗೆ ಏಳುವುದು ಒಂದು ವೇಳಾಪಟ್ಟಿ, ಅಷ್ಟೇ. ಒಂದು ದಿನ ತಪ್ಪಿದರೆ ನೀವು ಕೆಟ್ಟವರಾಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ರೂಢಿಯೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಗಿತ್ತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254ರವರೆಗೂ ಬೇಕಾದೀತು ಎಂಬುದು ಅವರ ಲೆಕ್ಕ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಇಪ್ಪತ್ತೊಂದೇ ದಿನದಲ್ಲಿ ಬದುಕು ಬದಲಾಗುತ್ತದೆ ಎಂಬ ಮಾತನ್ನು ನಂಬಿ, ಆಗಲಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ರೂಢಿಯ ವಿಷಯದಲ್ಲಿ ಮನಸ್ಸಿನೊಡನೆ ಗುದ್ದಾಡುವುದಕ್ಕಿಂತ ಆಸೆ ಹುಟ್ಟಿಸುವ ವಸ್ತುವನ್ನು ದೂರ ಇಡುವುದು ಸುಲಭ. ಸ್ಟ್ಯಾನ್‌ಫರ್ಡ್‌ನಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಷೆಲ್ ನಡೆಸಿದ ಪ್ರಯೋಗಗಳಲ್ಲಿ, ಸ್ವಲ್ಪ ಹೊತ್ತು ಕಾದರೆ ಇನ್ನೂ ಒಳ್ಳೆಯ ತಿಂಡಿ ಸಿಗುತ್ತದೆ ಎಂದು ಪುಟ್ಟ ಮಕ್ಕಳಿಗೆ ಹೇಳಲಾಗಿತ್ತು. ತಿಂಡಿ ಕಣ್ಣಿಗೆ ಬೀಳದಂತೆ ಇಟ್ಟಾಗ ಅವರು ಹೆಚ್ಚು ಹೊತ್ತು ಕಾದರು. ನಾನು ಓದಲು ಕೂರುವಾಗ ಮೊಬೈಲನ್ನು ಬೇರೆ ಕೋಣೆಯ ಕಪಾಟಿನಲ್ಲಿಟ್ಟು ಬರುತ್ತೇನೆ. ಮೇಜಿನ ಮೇಲೆ ಮಗುಚಿ ಇಟ್ಟರೆ ಸಾಲದು.

ಮೌಲ್ಯದ ಮಾತು ಬೇರೆ. ಅಲ್ಲಿ ರಿಯಾಯಿತಿ ಕೊಡಬಾರದು, ಆದ್ದರಿಂದಲೇ ಆ ಪಟ್ಟಿ ಚಿಕ್ಕದಾಗಿರಬೇಕು. ಪ್ರಾಮಾಣಿಕತೆ, ಕರುಣೆ, ಧೈರ್ಯ ಎಂದು ಹತ್ತು ದೊಡ್ಡ ಪದ ಬರೆದಿಟ್ಟರೆ ಒತ್ತಡದ ಗಳಿಗೆಯಲ್ಲಿ ಒಂದೂ ನೆರವಿಗೆ ಬರುವುದಿಲ್ಲ. ‘ಇಂಥದ್ದನ್ನು ಮಾಡುವುದಿಲ್ಲ’ ಎನ್ನುವಷ್ಟು ನಿಖರವಾಗಿ ಬರೆಯಿರಿ. ನನ್ನದು ಲೆಕ್ಕಪತ್ರದ ಕೆಲಸ. ವರ್ಷಾಂತ್ಯ ಬಂತೆಂದರೆ ಯಾರಾದರೊಬ್ಬರು ಕಡತ ಹಿಡಿದು ಬಂದು, ‘ಕಳೆದ ತಿಂಗಳ ದಿನಾಂಕ ಹಾಕಿ ಸಹಿ ಮಾಡಿಬಿಡಿ, ಯಾರಿಗೂ ನಷ್ಟವಿಲ್ಲ’ ಎನ್ನುತ್ತಾರೆ. ಕೇಳುವವರು ಕೆಟ್ಟವರೇನಲ್ಲ, ಅವಸರದಲ್ಲಿರುತ್ತಾರೆ, ನನಗೆ ಬೇಕಾದವರೂ ಆಗಿರುತ್ತಾರೆ. ಸರಿ ತಪ್ಪುಗಳನ್ನು ಆಗ ಅಳೆಯುತ್ತಾ ಕೂತರೆ ಎದುರಿಗಿರುವವರ ಮುಖವೇ ಗೆಲ್ಲುತ್ತದೆ. ಹಾಗಾಗಿ ನನ್ನ ಉತ್ತರ ಮೊದಲೇ ಸಿದ್ಧವಿದೆ: ‘ಸಹಿ ಮಾಡುವ ದಿನದ ದಿನಾಂಕವನ್ನೇ ನಾನು ಹಾಕುವುದು. ತಡವಾದದ್ದಕ್ಕೆ ಕಾರಣ ಬರೆದುಕೊಡಿ, ಜೊತೆಗೆ ಲಗತ್ತಿಸೋಣ.’ ಉಪದೇಶವಿಲ್ಲ, ಸಿಟ್ಟಿಲ್ಲ, ಅವರಿಗೂ ಒಂದು ದಾರಿ ಇದೆ. ಕೆಲವರು ಮುನಿಸಿಕೊಂಡರು, ನಿಜ. ಆದರೆ ವರ್ಷಗಳು ಕಳೆದಂತೆ ಕೇಳುವವರೇ ಕಡಿಮೆಯಾದರು.

‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಈ ಕ್ರಮವನ್ನು ಮನೋವಿಜ್ಞಾನಿ ಪೀಟರ್ ಗೊಲ್ವಿಟ್ಸರ್ 1990ರ ದಶಕದಿಂದಲೂ ಅಧ್ಯಯನ ಮಾಡಿದ್ದಾರೆ. ಬರೀ ಸಂಕಲ್ಪಕ್ಕಿಂತ ಇದರಿಂದ ಕೆಲಸ ಹೆಚ್ಚು ಕೈಗೂಡುತ್ತದೆ ಎಂಬುದು ಅವರ ಸಂಶೋಧನೆಯ ತಿರುಳು.

ನಿಮ್ಮ ಸ್ನೇಹಿತರ ವಿಷಯದಲ್ಲಿ, ಅವರು ಪದೇ ಪದೇ ಒತ್ತಾಯಿಸುವ ಒಂದೇ ಸಂದರ್ಭವನ್ನು ಆರಿಸಿಕೊಳ್ಳಿ. ಅದಕ್ಕೆ ಎರಡು ವಾಕ್ಯದ ಉತ್ತರ ಬರೆದು, ಒಬ್ಬರೇ ಇದ್ದಾಗ ಗಟ್ಟಿಯಾಗಿ ಹೇಳಿ ನೋಡಿ. ನಿಮ್ಮ ಕಿವಿಗೇ ಅದು ಒರಟೆನಿಸಿದರೆ ಪದ ಬದಲಿಸಿ, ‘ಇಲ್ಲ’ ಎಂಬುದನ್ನು ಮಾತ್ರ ತೆಗೆಯಬೇಡಿ. ಬೇಗ ಏಳುವುದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರೂ ಅಡ್ಡಿಯಿಲ್ಲ.