ಬಿಟ್ಟುಹೋದ ಗಿನಿಪಿಗ್‌ಗೆ ಮೊದಲು ಹುಲ್ಲು: ಸಾಕುಪ್ರಾಣಿಗಳ ಬಗ್ಗೆ ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ಹೋದವರು ತಾವು ಸಾಕಿದ್ದ ಗಿನಿಪಿಗ್ ಅನ್ನು ತಂತಿ ಪಂಜರದ ಸಮೇತ ಹಿತ್ತಿಲಿನಲ್ಲಿ ಬಿಟ್ಟುಹೋಗಿದ್ದರು. ಅದನ್ನು ಮನೆಗೆ ತಂದಿದ್ದೇವೆ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಅನ್ನ, ನೆನೆಸಿದ ಕಡಲೆಕಾಳು ಎಲ್ಲವನ್ನೂ ಕೊಟ್ಟು ನೋಡಿದೆವು. ಕ್ಯಾರೆಟ್ ಮಾತ್ರ ಸ್ವಲ್ಪ ಕಡಿಯುತ್ತದೆ. ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ, ಹಿಂಗಾಲು ಬಿಗಿದಂತೆ ನಡೆಯುತ್ತದೆ, ಬೆನ್ನಿನ ಮೇಲೆ ಅಲ್ಲಲ್ಲಿ ಕೂದಲು ಉದುರಿದೆ. ಮನೆಯಲ್ಲಿ ಮಕ್ಕಳಿಗೆಂದು ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಇದೆ. ಅದನ್ನೇ ಎರಡು ಹನಿ ಹಾಕಿ ಎನ್ನುತ್ತಾರೆ ಪರಿಚಿತರೊಬ್ಬರು. ಹಾಕಬಹುದೇ? ಏನು ತಿನ್ನಿಸಬೇಕು? ಸ್ನಾನ ಮಾಡಿಸಬಹುದೇ?
ಒಬ್ಬ ಓದುಗರು, ಮೈಸೂರು

ಉತ್ತರ: ಸಿರಪ್ ಅನ್ನು ದಯವಿಟ್ಟು ಹಾಕಬೇಡಿ. ಮಿಕ್ಕ ವಿಷಯಗಳಿಗಿಂತ ಮೊದಲು ಇದನ್ನು ಹೇಳಬೇಕಾಗಿದೆ, ಏಕೆಂದರೆ ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಮುಂತಾದ ಔಷಧಗಳು ಗಿನಿಪಿಗ್‌ನ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಂದು, ಅವುಗಳ ಜಾಗದಲ್ಲಿ ವಿಷ ಉತ್ಪಾದಿಸುವ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾಗಳು ಬೆಳೆಯುವಂತೆ ಮಾಡುತ್ತವೆ, ಮತ್ತು ಇದರಿಂದ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಈ ಪ್ರಾಣಿಗೆ ಕೊಡಬಹುದಾದ ಬೇರೆ ಆ್ಯಂಟಿಬಯಾಟಿಕ್‌ಗಳಿವೆ; ಅವುಗಳನ್ನು ಪರೀಕ್ಷೆ ಮಾಡಿದ ವೈದ್ಯರು ತೂಕ ನೋಡಿ ನಿರ್ಧರಿಸಬೇಕು. ನಾಯಿ ಮತ್ತು ದನಗಳನ್ನೇ ಹೆಚ್ಚಾಗಿ ನೋಡುವ ವೈದ್ಯರ ಬಳಿ ಹೋದರೆ, ಇದು ಗಿನಿಪಿಗ್ ಎಂದೂ ಪೆನಿಸಿಲಿನ್ ಗುಂಪಿನ ಔಷಧ ಇದಕ್ಕೆ ಆಗುವುದಿಲ್ಲವೆಂದೂ ನೀವೇ ನೆನಪಿಸಲು ಸಂಕೋಚಪಡಬೇಕಾಗಿಲ್ಲ.

ಈಗ ಆಹಾರದ ವಿಷಯಕ್ಕೆ ಬರೋಣ. ಪೆರು, ಬೊಲಿವಿಯಾ, ಈಕ್ವೆಡಾರ್ ದೇಶಗಳ ಆಂಡೀಸ್ ಬೆಟ್ಟಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯರು ಪಳಗಿಸಿದ ಈ ಪ್ರಾಣಿ ಮೂಲತಃ ಹುಲ್ಲು ಮೇಯುವಂಥದ್ದು. ಅದರ ದೊಡ್ಡ ಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ಚೀಲದಲ್ಲಿ ನಾರು ಹುದುಗಿ ಪೋಷಕಾಂಶವಾಗುತ್ತದೆ, ಮತ್ತು ಆ ಕೆಲಸ ಹಗಲು ರಾತ್ರಿ ನಿಲ್ಲದೆ ನಡೆಯಬೇಕಾದರೆ ಮೇಲಿನಿಂದ ನಾರು ಬರುತ್ತಲೇ ಇರಬೇಕು. ಅರ್ಧ ದಿನ ಏನನ್ನೂ ತಿನ್ನದಿದ್ದರೂ ಕರುಳಿನ ಚಲನೆ ಕುಂದುತ್ತದೆ, ಗ್ಯಾಸ್ ತುಂಬುತ್ತದೆ, ನೋವಿನಿಂದ ಅದು ಇನ್ನಷ್ಟು ತಿನ್ನುವುದನ್ನು ಬಿಡುತ್ತದೆ. ನಿಮ್ಮದು ಕ್ಯಾರೆಟ್ ಕಡಿಯುತ್ತಿದೆ ಎಂಬುದಷ್ಟೇ ಸದ್ಯದ ಸಮಾಧಾನ. ಬ್ರೆಡ್ಡು, ಹಾಲು, ಅನ್ನ, ಕಾಳುಗಳನ್ನು ಇವತ್ತೇ ನಿಲ್ಲಿಸಿ. ಪಿಷ್ಟ ಮತ್ತು ಹಾಲಿನಿಂದ ಕರುಳು ಕೆಡುತ್ತದೆಯೇ ಹೊರತು ಪ್ರಾಣಿ ಚೇತರಿಸಿಕೊಳ್ಳುವುದಿಲ್ಲ.

ಅದರ ಆಹಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಮತ್ತು ಅದು ಇಪ್ಪತ್ತನಾಲ್ಕು ಗಂಟೆಯೂ ಮುಂದಿರಬೇಕು. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮತ್ತು ಆನ್‌ಲೈನ್‌ನಲ್ಲಿ ತಿಮೋತಿ ಒಣಹುಲ್ಲು ಸಿಗುತ್ತದೆ, ಓಟ್ಸ್ ಗಿಡದ ಒಣಹುಲ್ಲೂ ಒಳ್ಳೆಯದೇ. ಅದು ಕೈಸೇರುವ ತನಕ ಗರಿಕೆಯನ್ನು ಧಾರಾಳವಾಗಿ ಕೊಡಬಹುದು. ಆದರೆ ರಸ್ತೆ ಬದಿಯ, ನಾಯಿ ಓಡಾಡುವ ಅಥವಾ ಕಳೆನಾಶಕ ಸಿಂಪಡಿಸಿದ ಜಾಗದ ಗರಿಕೆ ಬೇಡ. ಕಿತ್ತು ತಂದದ್ದನ್ನು ತೊಳೆದು, ನೀರು ಬಸಿದು ಕೊಡಿ. ಇದುವರೆಗೆ ಹಸಿರನ್ನೇ ಕಾಣದ ಹೊಟ್ಟೆಗೆ ಮೊದಲ ದಿನವೇ ರಾಶಿ ಹಾಕದೆ, ಒಂದೊಂದು ಹಿಡಿಯಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಬೇಕು. ಹಸಿ ಮುಸುಕಿನ ಜೋಳದ ಮೇಲಿನ ಹಸಿರು ಸಿಪ್ಪೆಯನ್ನೂ ಅದು ಇಷ್ಟಪಟ್ಟು ತಿನ್ನುತ್ತದೆ. ಜೋಳದ ಗಾಡಿಯವರು ಎಸೆಯುವ ಸಿಪ್ಪೆಯಲ್ಲಿ ತಾಜಾ ಇರುವುದನ್ನು ಕೇಳಿ ತರಬಹುದು. ಭತ್ತದ ಹುಲ್ಲನ್ನು ಮುಖ್ಯ ಮೇವಾಗಿ ನೆಚ್ಚಿಕೊಳ್ಳಬೇಡಿ, ಅದರಲ್ಲಿ ಪೋಷಣೆ ಬಹಳ ಕಡಿಮೆ. ಹುಲ್ಲು ಬೇಕಾಗುವುದು ಹೊಟ್ಟೆಗಷ್ಟೇ ಅಲ್ಲ: ಗಿನಿಪಿಗ್‌ನ ಇಪ್ಪತ್ತು ಹಲ್ಲುಗಳೂ ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ, ಅವು ಸವೆಯುವುದು ಹುಲ್ಲನ್ನು ಅರೆಯುವುದರಿಂದ. ಮೆತ್ತನೆಯ ಆಹಾರ ತಿಂದು ದವಡೆಹಲ್ಲು ಉದ್ದವಾದ ಪ್ರಾಣಿ ತಿನ್ನಲು ಆಸೆಯಿಂದ ಬರುತ್ತದೆ, ಬಾಯಿಗೆ ತೆಗೆದುಕೊಳ್ಳುತ್ತದೆ, ಜೊಲ್ಲಿನ ಸಮೇತ ಉದುರಿಸಿಬಿಡುತ್ತದೆ. ನಿಮ್ಮದು ಹಾಗೆ ಮಾಡುತ್ತಿದೆಯೇ ಎಂದು ಗಮನಿಸಿ ವೈದ್ಯರಿಗೆ ತಿಳಿಸಿ.

ಹಿಂಗಾಲಿನ ಬಿಗಿತ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. ಮನುಷ್ಯರ ಹಾಗೆಯೇ ಗಿನಿಪಿಗ್‌ನ ದೇಹಕ್ಕೂ ವಿಟಮಿನ್ ಸಿ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬ ವಿಜ್ಞಾನಿಗಳು ಗಿನಿಪಿಗ್‌ಗಳಿಗೆ ಬರೀ ಧಾನ್ಯದ ಆಹಾರ ಕೊಟ್ಟಾಗ, ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಅವುಗಳಲ್ಲಿ ಕಾಣಿಸಿಕೊಂಡಿತು. ಸ್ಕರ್ವಿಗೆ ಆಹಾರದ ಕೊರತೆಯೇ ಕಾರಣ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಆ ಪ್ರಯೋಗದಿಂದ. ಬ್ರೆಡ್ಡು ಮತ್ತು ಕಾಳಿನಲ್ಲಿ ದಿನ ಕಳೆದ ಪ್ರಾಣಿಗೆ ಇಂದಿಗೂ ಅದೇ ಗತಿ. ಕೀಲುಗಳು ಊದಿ ನೋಯುತ್ತವೆ, ಮುಟ್ಟಿದರೆ ಚೀರುತ್ತದೆ, ಕೂದಲು ಒರಟಾಗುತ್ತದೆ, ವಸಡಿನಲ್ಲಿ ರಕ್ತ ಬರಬಹುದು, ಗಾಯ ಬೇಗ ಮಾಯುವುದಿಲ್ಲ.

ಆರೋಗ್ಯವಂತ ಗಿನಿಪಿಗ್‌ಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಬಡಕಲಾದ, ಕಾಯಿಲೆ ಬಿದ್ದ ಅಥವಾ ಗರ್ಭ ಧರಿಸಿದ ಪ್ರಾಣಿಗೆ ಇದಕ್ಕಿಂತ ಹೆಚ್ಚು ಬೇಕು. ದಪ್ಪ ಮೆಣಸಿನಕಾಯಿಯ ಕಾಲುಭಾಗವನ್ನು ಬೀಜ ತೆಗೆದು ಕೊಟ್ಟರೆ ಒಂದು ದಿನದ ಅಗತ್ಯದ ದೊಡ್ಡ ಪಾಲು ಸಿಗುತ್ತದೆ. ಸೀಬೆಹಣ್ಣಿನಲ್ಲಿ ಇನ್ನೂ ಹೆಚ್ಚಿದೆ, ಆದರೆ ಸಕ್ಕರೆಯೂ ಇರುವುದರಿಂದ ಹೆಬ್ಬೆರಳಿನ ತುದಿಯಷ್ಟು ಚೂರು ಸಾಕು. ಕೊತ್ತಂಬರಿ ಸೊಪ್ಪನ್ನು ದಿನವೂ ಕೊಡಬಹುದು. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಈ ಪ್ರಾಣಿಗಳಲ್ಲಿ ಮೂತ್ರಕೋಶದ ಕಲ್ಲು ಸಾಮಾನ್ಯವಾದ್ದರಿಂದ ಅದು ಅಪರೂಪಕ್ಕೆ ಮಾತ್ರ ಇರಲಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಬೆಣ್ಣೆಹಣ್ಣು ಮತ್ತು ಬೇಯಿಸಿದ ಯಾವುದೇ ಪದಾರ್ಥ ಬೇಡವೇ ಬೇಡ. ವಿಟಮಿನ್ ಸಿ ಹನಿಯನ್ನು ಕುಡಿಯುವ ನೀರಿಗೆ ಬೆರೆಸುವ ಅಭ್ಯಾಸ ಹಲವರಲ್ಲಿದೆ. ಬೆಳಕಿಗೆ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ, ರುಚಿ ಬದಲಾಯಿತೆಂದು ಪ್ರಾಣಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವುದೂ ಉಂಟು. ವೈದ್ಯರು ಹೇಳಿದ ಪ್ರಮಾಣವನ್ನು ನೇರವಾಗಿ ಬಾಯಿಗೆ ಹಾಕುವುದೇ ಸರಿ.

ಗಿನಿಪಿಗ್‌ಗೆಂದೇ ತಯಾರಿಸಿದ ಪೆಲೆಟ್ (ಗುಳಿಗೆಯಂಥ ಒಣ ಆಹಾರ) ಸಿಕ್ಕರೆ ದಿನಕ್ಕೆ ಒಂದು ದೊಡ್ಡ ಚಮಚ ಸಾಕು. ಮೊಲದ ಪೆಲೆಟ್‌ನಲ್ಲಿ ವಿಟಮಿನ್ ಸಿ ಸೇರಿಸಿರುವುದಿಲ್ಲ, ಬಣ್ಣಬಣ್ಣದ ಕಾಳಿನ ಮಿಶ್ರಣವನ್ನಂತೂ ಕೊಳ್ಳಲೇಬೇಡಿ. ತಾನಾಗಿ ತಿನ್ನದ ಪ್ರಾಣಿಗೆ ಈ ಪೆಲೆಟ್ ಅನ್ನೇ ಬೆಚ್ಚನೆಯ ನೀರಿನಲ್ಲಿ ನೆನೆಸಿ ತೆಳುವಾದ ಗಂಜಿಯಂತೆ ಮಾಡಿ, ಸೂಜಿಯಿಲ್ಲದ ಸಿರಿಂಜಿನಿಂದ ಕೊಡಬೇಕಾಗುತ್ತದೆ. ಅದನ್ನು ಮಡಿಲಲ್ಲಿ ಟವೆಲ್ ಸುತ್ತಿ ಕೂರಿಸಿಕೊಂಡು, ಮುಂಬಲ್ಲಿನ ಹಿಂದೆ ಬಾಯಿಯ ಪಕ್ಕದಿಂದ ಸಿರಿಂಜಿನ ತುದಿ ಇಟ್ಟು, ಅರ್ಧ ಮಿಲಿಲೀಟರ್ ಬಿಟ್ಟು, ಅಗಿದು ನುಂಗುವವರೆಗೆ ಕಾಯಿರಿ; ಅವಸರಪಟ್ಟರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಡೋಲಿನಂತೆ ಬಿಗಿದಿದ್ದರೆ ಬಲವಂತದ ಆಹಾರ ಬೇಡ, ತಕ್ಷಣ ವೈದ್ಯರ ಬಳಿ ಹೋಗಿ.

ಬೆನ್ನಿನ ಕೂದಲು ಉದುರಿರುವುದಕ್ಕೆ ಕಜ್ಜಿಹುಳ ಅಥವಾ ಹುಳುಕಡ್ಡಿ ಕಾರಣವಿರಬಹುದು. ಮೊದಲನೆಯದರಲ್ಲಿ ತುರಿಕೆ ಎಷ್ಟು ತೀವ್ರವೆಂದರೆ ಕೆರೆದುಕೊಳ್ಳುತ್ತಲೇ ಫಿಟ್ಸ್ ಬಂದಂತೆ ಒದ್ದಾಡುವುದುಂಟು. ಎರಡನೆಯದು ಮಕ್ಕಳ ಚರ್ಮಕ್ಕೂ ಹರಡುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ. ಕಾರಣ ತಿಳಿಯುವ ತನಕ ಮುಟ್ಟಿದ ಮೇಲೆ ಎಲ್ಲರೂ ಸೋಪಿನಿಂದ ಕೈತೊಳೆಯಲಿ, ಮಕ್ಕಳು ಕೆನ್ನೆಗೆ ಒತ್ತಿಕೊಳ್ಳುವುದನ್ನು ಸದ್ಯಕ್ಕೆ ತಡೆಯಿರಿ. ಸ್ನಾನ ಬೇಡ. ಹೆದರಿದ, ನಿತ್ರಾಣವಾದ ಪ್ರಾಣಿಗೆ ಒದ್ದೆ ಮೈಯ ಚಳಿ ಅಪಾಯಕರ. ಮಲ ಮೆತ್ತಿಕೊಂಡ ಭಾಗವನ್ನು ಬೆಚ್ಚನೆಯ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಣ್ಣಿನಿಂದ ಹಾಲಿನಂಥ ಬಿಳಿ ಹನಿ ಬಂದು, ಅದನ್ನು ಮುಂಗಾಲಿಗೆ ಹಚ್ಚಿಕೊಂಡು ಮುಖ ತೊಳೆದುಕೊಳ್ಳುವುದನ್ನು ಕಂಡರೆ ಗಾಬರಿಯಾಗಬೇಡಿ, ಅದು ಸಹಜ. ಕಣ್ಣಿನ ಸುತ್ತ ಹಕ್ಕಳೆ ಕಟ್ಟಿದರೆ, ಮೂಗು ಸೋರಿದರೆ ಅದು ಕಾಯಿಲೆ.

ತಂತಿಯ ತಳ ಅಂಗಾಲಿನಲ್ಲಿ ಹುಣ್ಣು ಮಾಡುತ್ತದೆ. ಆ ಪಂಜರವನ್ನು ಬಿಟ್ಟು, ಅಗಲವಾದ ರಟ್ಟಿನ ಪೆಟ್ಟಿಗೆಯಲ್ಲಿ ಪೇಪರ್ ಹಾಸಿ, ಅದರ ಮೇಲೆ ಹಳೆಯ ಹತ್ತಿ ಬಟ್ಟೆಯನ್ನು ದಪ್ಪವಾಗಿ ಮಡಿಸಿ ಹಾಸಿ ದಿನವೂ ಬದಲಿಸಿ. ಬಚ್ಚಿಟ್ಟುಕೊಳ್ಳಲು ಎರಡು ಬಾಗಿಲಿನ ಒಂದು ಸಣ್ಣ ಗೂಡು ಒಳಗಿರಲಿ. ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700 ಗ್ರಾಂನಿಂದ 1,200 ಗ್ರಾಂ ತೂಗುತ್ತದೆ. ಹಿಕ್ಕೆಯನ್ನೂ ನೋಡಿ: ಒಂದೇ ಅಳತೆಯ, ಉದ್ದುದ್ದನೆಯ, ಕಂದುಬಣ್ಣದ ಗಟ್ಟಿ ಹಿಕ್ಕೆ ಒಳ್ಳೆಯ ಲಕ್ಷಣ. ಅದು ಚಿಕ್ಕದಾಗಿ ಒಣಗಿದರೆ ಅಥವಾ ನಿಂತೇಹೋದರೆ ಮರುದಿನಕ್ಕೆ ಕಾಯಬಾರದು. ಬೇಟೆಗೆ ಬಲಿಯಾಗುವ ಪ್ರಾಣಿ ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ. ನಿಮಗೆ ಕಾಣುವಷ್ಟು ಮುದುಡಿ ಕೂತಿದೆ ಎಂದರೆ ಕಷ್ಟ ಸಾಕಷ್ಟು ಮುಂದುವರಿದಿದೆ. ಈ ಪತ್ರಿಕೆ ಕೈಸೇರುವ ಹೊತ್ತಿಗೆ ನೀವು ವೈದ್ಯರಿಗೆ ತೋರಿಸಿಯೇ ಇರುತ್ತೀರಿ ಎಂದು ಆಶಿಸುತ್ತೇನೆ.

ಪ್ರಶ್ನೆ: ಸಾಕಲಾಗದೆ ಒಬ್ಬರು ಕೊಟ್ಟುಹೋದ ಹೆಣ್ಣು ಗಿನಿಪಿಗ್ ನಮ್ಮಲ್ಲಿದೆ. ಹೊಟ್ಟೆ ದಿನೇದಿನೇ ದಪ್ಪವಾಗುತ್ತಿದೆ. ಒಂಟಿಯಾಗಿರುವುದು ಬೇಡವೆಂದು ನಮ್ಮ ಮೊಲದ ಜೊತೆ ಬಿಡಬಹುದೇ?
ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಮೊಲದ ಜೊತೆ ಬೇಡ. ಮೊಲದಲ್ಲಿ ಯಾವ ಲಕ್ಷಣವನ್ನೂ ತೋರದೆ ಇರುವ ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ತಗಲಿದರೆ ನ್ಯುಮೋನಿಯಾ ಆಗುತ್ತದೆ; ಮೊಲದ ಹಿಂಗಾಲಿನ ಒಂದು ಒದೆತವೂ ಅದಕ್ಕೆ ಭಾರಿಯೇ. ಹೆಣ್ಣು ಮರಿ ಒಂದು ತಿಂಗಳು ತುಂಬುವಷ್ಟರಲ್ಲಿಯೇ ಗರ್ಭ ಧರಿಸಬಲ್ಲದು, ಆದ್ದರಿಂದ ಗಂಡಿನ ಜೊತೆ ಇದ್ದು ಬಂದ ಹೆಣ್ಣನ್ನು ಗಬ್ಬವೆಂದೇ ಭಾವಿಸಿ ನೋಡಿಕೊಳ್ಳುವುದು ಕ್ಷೇಮ. ಗರ್ಭಾವಧಿ 59ರಿಂದ 72 ದಿನ. ಈ ಅವಧಿಯಲ್ಲಿ ವಿಟಮಿನ್ ಸಿ ಹೆಚ್ಚಿಸಬೇಕು, ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವು) ಸೊಪ್ಪನ್ನು ಸ್ವಲ್ಪ ಸೇರಿಸಬಹುದು, ಎತ್ತಿಕೊಳ್ಳುವುದನ್ನು ಆದಷ್ಟು ಕಡಿಮೆ ಮಾಡಬೇಕು. ಆರೇಳು ತಿಂಗಳು ದಾಟಿದ ಮೇಲೆ ಮೊದಲ ಬಾರಿ ಗರ್ಭ ಧರಿಸಿದ ಹೆಣ್ಣಿನಲ್ಲಿ ಸೊಂಟದ ಮೂಳೆಗಳು ಸಡಿಲವಾಗದೆ ಹೆರಿಗೆ ಕಷ್ಟವಾಗಿ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ವಯಸ್ಸು ಗೊತ್ತಿಲ್ಲದಿರುವುದರಿಂದ ಈಗಲೇ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರಲ್ಲೋ ಸ್ಕ್ಯಾನ್ ಮಾಡಿಸಿಡಿ. ಮರಿಗಳು ಕಣ್ಣು ತೆರೆದು, ಮೈತುಂಬ ಕೂದಲಿನೊಂದಿಗೆ ಹುಟ್ಟುತ್ತವೆ, ಒಂದೆರಡು ದಿನದಲ್ಲೇ ಹುಲ್ಲು ಕಡಿಯಲು ತೊಡಗುತ್ತವೆ. ಗಂಡು ಮರಿಗಳನ್ನು ಮೂರು ವಾರಕ್ಕೆ ಬೇರೆ ಮಾಡಿ. ಒಂಟಿತನದ ಬಗ್ಗೆ ನಿಮ್ಮ ಕಾಳಜಿ ಸರಿಯಾದದ್ದೇ, ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಹುಟ್ಟುವ ಮರಿಗಳಲ್ಲಿ ಹೆಣ್ಣಿದ್ದರೆ ತಾಯಿಯ ಜೊತೆಗೇ ಉಳಿಸಿಕೊಳ್ಳಿ.

ಪ್ರಶ್ನೆ: ನಮ್ಮೂರಿನ ಬೇಸಿಗೆಯಲ್ಲಿ ಗಿನಿಪಿಗ್ ಉಳಿಸಿಕೊಳ್ಳುವುದು ಹೇಗೆ?
ಒಬ್ಬ ಓದುಗರು, ಕಲಬುರಗಿ

ಉತ್ತರ: 18ರಿಂದ 24 ಡಿಗ್ರಿ ಸೆಲ್ಸಿಯಸ್ ಇವುಗಳಿಗೆ ಹಿತ, 28 ಡಿಗ್ರಿ ದಾಟಿದರೆ ಬಿಸಿಲಿನ ಹೊಡೆತದ ಭಯ ಇದ್ದೇ ಇದೆ. ಆದ್ದರಿಂದ ತಾರಸಿ ಮನೆಯ ಮೇಲಂತಸ್ತಿನಲ್ಲಿ ಇಡದೆ, ಕೆಳಗಿನ ಕೋಣೆಯಲ್ಲಿ, ಕಲ್ಲಿನ ನೆಲದ ಮೇಲೆ ಇರಿಸಿ, ಒದ್ದೆ ಬಟ್ಟೆಯನ್ನು ಗೂಡಿನ ಒಂದು ಬದಿಗೆ ಮಾತ್ರ ಇಳಿಬಿಟ್ಟು ಗಾಳಿಯಾಡಲು ಬಿಡಿ. ನಡು ಮಧ್ಯಾಹ್ನ ಕೂಲರ್ ಅಥವಾ ಎಸಿ ಇರುವ ಕೋಣೆ ಇದ್ದರೆ ಅಲ್ಲಿಗೇ ಒಯ್ಯಿರಿ. ಜೊಲ್ಲು ಸುರಿಸುತ್ತ, ಏದುಸಿರು ಬಿಡುತ್ತ ಚಪ್ಪಟೆಯಾಗಿ ಮಲಗಿದರೆ ಕಿವಿ ಮತ್ತು ಪಾದಗಳನ್ನು ತಣ್ಣೀರಿನಿಂದ ಒರೆಸುತ್ತಲೇ ಆಸ್ಪತ್ರೆಗೆ ಹೊರಡಿ. ಐಸ್ ನೀರು ಬೇಡ. ನೀರಿನ ಬಾಟಲಿಯ ನಳಿಗೆಗೆ ಹುಲ್ಲಿನ ಚೂರು ಸಿಕ್ಕಿಕೊಂಡು ಹರಿವು ನಿಲ್ಲುವುದುಂಟು, ಬಾಟಲಿ ತುಂಬಿರುವುದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ನಳಿಗೆಯ ಗುಂಡನ್ನು ಬೆರಳಿನಿಂದ ಒತ್ತಿ ಹನಿ ಬರುತ್ತಿದೆಯೇ ನೋಡಿ, ಜೊತೆಗೆ ಮಣ್ಣಿನ ಭಾರವಾದ ಬಟ್ಟಲಿನಲ್ಲೂ ನೀರಿಡಿ.