ಮಳೆ ಹಿಡಿಯುವ ಮೊದಲು ಫ್ಲೂ ಲಸಿಕೆ ಹಾಕಿಸಬೇಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ 72 ವರ್ಷ. ಬೀಡಿ ಬಿಟ್ಟು ತುಂಬಾ ವರ್ಷವಾಯಿತು, ಆದರೂ ದಮ್ಮು ಇದೆ. ದಿನಾ ಇನ್ಹೇಲರ್ ಬೇಕು. ಸಕ್ಕರೆ ಕಾಯಿಲೆಯೂ ಇದೆ. ಹೋದ ಮಳೆಗಾಲದಲ್ಲಿ ಜ್ವರ ಬಂದು ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಬೇಕಾಯಿತು. ಈ ಸಲ ಮಳೆಗೆ ಮೊದಲೇ ಫ್ಲೂ ಲಸಿಕೆ ಹಾಕಿಸಿ ಎಂದಿದ್ದಾರೆ ನಮ್ಮ ಡಾಕ್ಟರು. ಮಾವ ಒಪ್ಪುತ್ತಿಲ್ಲ. “ಕೊರೊನಾ ಲಸಿಕೆ ಆಗಿದೆಯಲ್ಲ, ಶೀತಕ್ಕೆ ಯಾರಾದರೂ ಸೂಜಿ ಚುಚ್ಚಿಸಿಕೊಳ್ತಾರಾ?” ಅನ್ನುತ್ತಾರೆ. ಪಕ್ಕದ ಮನೆಯವರಿಗೆ ಅದನ್ನು ಹಾಕಿಸಿದ ಮೇಲೇ ಜ್ವರ ಬಂತಂತೆ. ಏನು ಮಾಡಲಿ?
– ಒಬ್ಬ ಸೊಸೆ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹಾಕಿಸಿ ಅಮ್ಮಾ. ಮೇ ಮುಗಿಯುವುದರೊಳಗೆ ಹಾಕಿಸಿ. ನಿಮ್ಮ ಮಾವನವರಂಥವರಿಗೇ ಇದು ಎಲ್ಲರಿಗಿಂತ ಜಾಸ್ತಿ ಬೇಕಾದದ್ದು.

ಅವರು ಶೀತ ಅಂದುಕೊಂಡಿದ್ದಾರಲ್ಲ, ತೊಡಕು ಅಲ್ಲೇ ಇದೆ. ಮೂಗು ಸೋರಿ ನಾಲ್ಕು ದಿನಕ್ಕೆ ಹೋಗುವ ನೆಗಡಿಯೇ ಬೇರೆ, ಇನ್‌ಫ್ಲುಯೆಂಜಾ ಅಂದರೆ ಈ ಫ್ಲೂನೇ ಬೇರೆ. ಮೂವತ್ತರ ಹುಡುಗನಿಗೆ ಬಂದರೆ ವಾರ ಮಲಗಿ ಎದ್ದು ತೋಟಕ್ಕೆ ಹೋಗುತ್ತಾನೆ. ಬೀಡಿಯಿಂದ ಸವೆದ ಶ್ವಾಸಕೋಶಕ್ಕೆ ಬಂದರೆ ದಮ್ಮು ಏರುತ್ತದೆ. ಹಿಂದೆಯೇ ಬ್ಯಾಕ್ಟೀರಿಯಾ ಸೇರಿಕೊಂಡು ನ್ಯೂಮೋನಿಯಾ ಆಗಬಹುದು. ಸಕ್ಕರೆ ಹತೋಟಿ ತಪ್ಪುತ್ತದೆ. ಹೃದಯಕ್ಕೂ ಪೆಟ್ಟು. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುವಂತೆ, ಫ್ಲೂ ಖಚಿತವಾದ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಉಳಿದ ದಿನಗಳಿಗಿಂತ ಸುಮಾರು 6 ಪಟ್ಟು ಜಾಸ್ತಿ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ತಳಿಯ ಸುದ್ದಿ ಎದ್ದದ್ದು ನೆನಪಿದೆಯಲ್ಲ? ಆಗ ಹಾಸನ ಜಿಲ್ಲೆಯಲ್ಲಿ ತೀರಿಕೊಂಡವರೂ ಸಕ್ಕರೆ, ಬಿಪಿ ಎರಡೂ ಇದ್ದ ಹಿರಿಯರೇ.

ಕೊರೊನಾ ಲಸಿಕೆ ಕೊರೊನಾಕ್ಕೆ ಮಾತ್ರ. ಫ್ಲೂ ವೈರಸ್ ಬೇರೆ ಜಾತಿಯದು, ಅದೂ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಲಸಿಕೆಯಲ್ಲಿ ಯಾವ ತಳಿಗಳು ಇರಬೇಕೆಂದು ಹೇಳುತ್ತದೆ. ನಮ್ಮ ಕಡೆ ಫ್ಲೂ ಜೋರಾಗುವುದು ಮಳೆಗಾಲದಲ್ಲಿ. ಜನವರಿಯಿಂದ ಮಾರ್ಚ್‌ವರೆಗೆ ಮತ್ತೊಂದು ಸುತ್ತು ಇರುತ್ತದೆ. ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಜೂನ್‌ನಲ್ಲಿ ಕೆಮ್ಮು ಶುರುವಾದ ಮೇಲೆ ಓಡಿ ಬಂದರೆ ಅರ್ಧ ಲಾಭ ಹೋಯಿತು. ಪೆಟ್ಟಿಗೆಯ ಮೇಲೆ ಯಾವ ವರ್ಷದ್ದು ಎಂದು ಬರೆದಿರುತ್ತದೆ, ನೋಡಿ ಕೇಳಿ. ಹೋದ ವರ್ಷ ಉಳಿದದ್ದು ಬೇಡವೇ ಬೇಡ.

ಪಕ್ಕದ ಮನೆಯವರ ಜ್ವರದ ವಿಷಯ. ಈ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇಲ್ಲ, ಇದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋವು, ಮೈಕೈ ನೋವು, ಸಣ್ಣ ಜ್ವರ ಒಂದೆರಡು ದಿನ ಇರಬಹುದು. ಪ್ಯಾರಾಸಿಟಮಾಲ್ ಸಾಕು.

ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ಲಸಿಕೆ ಹಾಕಿಸಿದರೂ ಫ್ಲೂ ಬರಬಹುದು. ತಳಿಗಳು ಚೆನ್ನಾಗಿ ಹೊಂದಿದ ವರ್ಷದಲ್ಲೂ ಅದು ಕಾಯಿಲೆಯನ್ನು ತಗ್ಗಿಸುವುದು ಶೇ 40ರಿಂದ 60ರಷ್ಟು, ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆಯೇ ಇರಬಹುದು. “ಹಾಕಿಸಿದರೂ ಬಂತಲ್ಲ ಡಾಕ್ಟ್ರೇ” ಎಂದು ನನ್ನ ಎದುರು ಕೂತು ಹೇಳುವವರು ಪ್ರತಿ ಮಳೆಗಾಲದಲ್ಲೂ ಇದ್ದಾರೆ. ನಾನು ಅವರಿಗೆ ಹೇಳುವುದಿಷ್ಟೇ: ನೀವು ನಡೆದುಕೊಂಡು ಬಂದು ಕುರ್ಚಿಯಲ್ಲಿ ಕೂತು ಇದನ್ನು ಹೇಳ್ತಿದ್ದೀರಲ್ಲ, ಆಕ್ಸಿಜನ್ ಹಾಕಿಕೊಂಡು ಮಲಗಿಲ್ಲವಲ್ಲ, ನನಗೆ ಬೇಕಾದದ್ದು ಅದೇ.

ಬೆಲೆ ಸಾವಿರದೈನೂರು, ಎರಡು ಸಾವಿರದ ಆಸುಪಾಸು. ಸರ್ಕಾರದ ಉಚಿತ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇದು ಇಲ್ಲ. ಇದು ನನಗೆ ನಿಜವಾಗಿ ಸಂಕಟದ ವಿಷಯ. ಕೂಲಿಗೆ ಹೋಗುವ ಮನೆಯ ಅಜ್ಜನಿಗೆ ಇದನ್ನು ಬರೆದುಕೊಟ್ಟರೆ ಚೀಟಿ ಹಿಡಿದುಕೊಂಡು ಸುಮ್ನೆ ಹೊರಟುಹೋಗುತ್ತಾರೆ. ದಮ್ಮು, ಹೃದಯದ ಕಾಯಿಲೆ ಇರುವ ಅರವತ್ತು ದಾಟಿದವರಿಗಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದು ಸಿಗಬೇಕು.

ಮೆಡಿಕಲ್ ಶಾಪಿನಿಂದ ಕೊಂಡು ಮನೆಯ ಫ್ರಿಜ್ಜಿನಲ್ಲಿ ಇಡಬೇಡಿ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು, ನಮ್ಮ ಮಲೆನಾಡಿನ ಕರೆಂಟ್ ನಿಮಗೇ ಗೊತ್ತು. ಲಸಿಕೆ ಇಟ್ಟುಕೊಂಡಿರುವ ಕ್ಲಿನಿಕ್ಕಿಗೇ ಹೋಗಿ. ಅವತ್ತು ಜೋರು ಜ್ವರವಿದ್ದರೆ ಮುಂದೂಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ಚುಚ್ಚಿದ ಜಾಗವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರಾಯಿತು. ನ್ಯೂಮೋನಿಯಾ ಲಸಿಕೆ ಬೇರೆ. ಅದನ್ನೂ ಕೇಳಿ, ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು.

ಲಸಿಕೆ ಆದರೂ ಒಂದು ಗಮನ ಇರಲಿ. ವಯಸ್ಸಾದವರಿಗೆ ಫ್ಲೂ ಬಂದಾಗ ಜ್ವರ ಏರದೆಯೂ ಇರಬಹುದು. ಊಟ ಬೇಡ ಅನ್ನುವುದು, ಹಗಲೆಲ್ಲ ಮಂಪರು, ಮಾತು ಅಡ್ಡಾದಿಡ್ಡಿಯಾಗುವುದು ಇವೇ ಗುರುತು. ಕಂಡ ದಿನವೇ ಕರೆದುಕೊಂಡು ಹೋಗಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆ 48 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಾವನವರ ಹತ್ತಿರ ನೀವೊಬ್ಬರೇ ವಾದಕ್ಕೆ ಇಳಿಯಬೇಡಿ. ನಿಮ್ಮ ಯಜಮಾನರೂ ಮೊಮ್ಮಕ್ಕಳೂ ಅವರ ಜೊತೆಗೇ ಕೂತು ಹಾಕಿಸಿಕೊಳ್ಳಲಿ. ಮನೆಗೆ ಫ್ಲೂ ತರುವವರಲ್ಲಿ ಶಾಲೆಗೆ ಹೋಗುವ ಮಕ್ಕಳೇ ಮುಂದು.

ಪ್ರಶ್ನೆ: ನನಗೆ 66, ಅಸ್ತಮಾ ಇದೆ. ಮಗಳ ಬಾಣಂತನಕ್ಕೆ ನವೆಂಬರ್‌ನಲ್ಲಿ ಅಮೆರಿಕಕ್ಕೆ ಹೊರಟಿದ್ದೇನೆ. ಡಿಸೆಂಬರ್ ಕೊನೆಗೆ ಹೆರಿಗೆ. ಅಲ್ಲಿ ಆರ್‌ಎಸ್‌ವಿ ಲಸಿಕೆ ಹಾಕಿಸಿಕೋ ಅಂತಾಳೆ ಮಗಳು. ಬೇಕಾ?
– ಒಬ್ಬ ತಾಯಿ, ಮೈಸೂರು

ಉತ್ತರ: ಮಗಳು ಹೇಳುವುದು ಸರಿ. ಆರ್‌ಎಸ್‌ವಿ ಕೂಡ ಉಸಿರಾಟದ ವೈರಸ್. ಅಲ್ಲಿ ಚಳಿಗಾಲವೇ ಅದರ ಕಾಲ. ಎಳೆಗೂಸುಗಳನ್ನೂ ವಯಸ್ಸಾದವರನ್ನೂ ಜಾಸ್ತಿ ಕಾಡುತ್ತದೆ. ದೊಡ್ಡವರಿಗೆ ಲಸಿಕೆ ಬಂದದ್ದು 2023ರಲ್ಲಿ. ಅಮೆರಿಕದಲ್ಲಿ 75 ದಾಟಿದ ಎಲ್ಲರಿಗೂ, 50ರಿಂದ 74ರವರಲ್ಲಿ ಅಸ್ತಮಾದಂಥ ತೊಂದರೆ ಇರುವವರಿಗೂ ಇದನ್ನು ಹೇಳುತ್ತಾರೆ. ಫ್ಲೂ ಲಸಿಕೆಯಂತೆ ವರ್ಷವರ್ಷ ಬೇಡ, ಸದ್ಯಕ್ಕೆ ಒಂದೇ ಡೋಸ್. ಪ್ರವಾಸಿ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಯ ಖರ್ಚು ಕೊಡುವುದಿಲ್ಲ, ಬೆಲೆಯನ್ನು ಮೊದಲೇ ವಿಚಾರಿಸಿ.

ಮಗಳಿಗೂ ಒಂದು ಮಾತು ತಿಳಿಸಿ. ಗರ್ಭಿಣಿಯರಿಗೆ 32ರಿಂದ 36ನೇ ವಾರದೊಳಗೆ ಕೊಡುವ ಆರ್‌ಎಸ್‌ವಿ ಲಸಿಕೆ ಇದೆ. ಅದು ಹುಟ್ಟುವ ಮಗುವನ್ನು ಮೊದಲ ತಿಂಗಳುಗಳಲ್ಲಿ ಕಾಯುತ್ತದೆ. ಅವಳಿಗೆ ಆಗದಿದ್ದರೆ ಹುಟ್ಟಿದ ಮೇಲೆ ಮಗುವಿಗೇ ಕೊಡುವ ಇಂಜೆಕ್ಷನ್ ಉಂಟು. ನೀವು ಎಳೆಮಗುವನ್ನು ಎತ್ತಿಕೊಳ್ಳುವವರು, ಅಲ್ವಾ? ನಾಯಿಕೆಮ್ಮಿಗೆ ತಡೆಯಾದ ಟಿಡ್ಯಾಪ್ ಲಸಿಕೆ ಇಲ್ಲೇ ಸಿಗುತ್ತದೆ. ಮಗು ಹುಟ್ಟುವುದಕ್ಕೆ ಎರಡು ವಾರ ಮೊದಲಾದರೂ ಆಗಿರಬೇಕು, ಹಾಗಾಗಿ ವಿಮಾನ ಹತ್ತುವ ಮೊದಲೇ ಹಾಕಿಸಿಕೊಳ್ಳಿ.